ಹ್ಯಾನ್‌ಫರ್ಡಿನ ಪರಮಾಣು ತ್ಯಾಜ್ಯ

ಹ್ಯಾನ್‌ಫರ್ಡಿನ ಪರಮಾಣು ತ್ಯಾಜ್ಯವೆಂದರೆ, ಅಮೆರಿಕ ಸಂಯುಕ್ತ ಸಂಸ್ಥಾನದ ವಾಷಿಂಗ್‌ಟನ್ ರಾಜ್ಯದಲ್ಲಿ, ಕೊಲಂಬಿಯಾ ನದಿಯು ಬಳಸಿ ಹರಿಯುವ ಒಣನೆಲದ ಒಡಲಲ್ಲಿ, 177 ತೊಟ್ಟಿಗಳೊಳಗೆ ಸಂಚಿತವಾಗಿರುವ ಸುಮಾರು 21 ಕೋಟಿ ಲೀಟರು ವಿಕಿರಣಶೀಲ ಕಶ್ಮಲ. 1943ರಲ್ಲಿ ಸರ್ಕಾರವು ಹ್ಯಾನ್‌ಫರ್ಡ್, ವೈಟ್ ಬ್ಲಫ್ಸ್ ಎಂಬ ಊರುಗಳ ಒಕ್ಕಲುಗಳನ್ನು ಎಬ್ಬಿಸಿ ಅಲ್ಲಿ ಪ್ಲುಟೋನಿಯಂ ಕಾರ್ಖಾನೆಯನ್ನು ಸ್ಥಾಪಿಸಿತು. ನಾಗಸಾಕಿಯನ್ನು ದಹಿಸಿದ ಬಾಂಬಿನ ಪ್ಲುಟೋನಿಯಂ ಇಲ್ಲಿಯದೇ. ಕೊನೆಯ ರಿಯಾಕ್ಟರು 1987ರಲ್ಲಿ ನಿಂತಿತು.

ಇಂದಿನ ಸಂಕಟದ ಬೇರು ಆರಂಭದ ಒಂದು ಮಿತವ್ಯಯದಲ್ಲಿದೆ. ಯುರೇನಿಯಂ ಇಂಧನವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಪ್ಲುಟೋನಿಯಮನ್ನು ಬೇರ್ಪಡಿಸಿದ ಮೇಲೆ ಉಳಿಯುವ ದ್ರವವನ್ನು ಇದ್ದಂತೆಯೇ ಇಡಬೇಕಾದರೆ ಸ್ಟೇನ್‌ಲೆಸ್ ಸ್ಟೀಲಿನ ಪಾತ್ರೆ ಬೇಕು. ಯುದ್ಧಕಾಲದಲ್ಲಿ ಅದು ದುರ್ಲಭವಾಗಿದ್ದುದರಿಂದ, ಸಾಧಾರಣ ಉಕ್ಕಿನ ಒಳಹೊದಿಕೆಯುಳ್ಳ ಕಾಂಕ್ರೀಟು ತೊಟ್ಟಿಗಳನ್ನು ಕಟ್ಟಿ, ಉಕ್ಕನ್ನು ತಿನ್ನದಂತೆ ಕಾಸ್ಟಿಕ್ ಸೋಡ ಬೆರೆಸಿ ಆಮ್ಲತೆಯನ್ನು ಕಳೆದು ತುಂಬಿದರು. ಅದರಿಂದ ಕಶ್ಮಲದ ಪರಿಮಾಣ ಹಿಗ್ಗಿತು. ಲೋಹಾಂಶಗಳು ಒತ್ತರಿಸಿ ತಳದಲ್ಲಿ ರಾಡಿಯಾದವು. ಲವಣಗಳು ಹರಳುಗಟ್ಟಿ ಹೆಪ್ಪಾದವು. ಒಂಟಿ ಗೋಡೆಯ 149 ತೊಟ್ಟಿಗಳ ಆಯುಷ್ಯವನ್ನು ಸುಮಾರು ಇಪ್ಪತ್ತು ವರ್ಷವೆಂದು ಎಣಿಸಲಾಗಿತ್ತು. ಅವುಗಳಲ್ಲಿ 67 ಸೋರಿ, ಸುಮಾರು 38 ಲಕ್ಷ ಲೀಟರು ಮಣ್ಣಿಗಿಳಿದಿರಬೇಕೆಂದು ಅಂದಾಜು. ಮುಂದೆ ಕಟ್ಟಿದ ಜೋಡಿ ಗೋಡೆಯ 28 ತೊಟ್ಟಿಗಳಲ್ಲಿಯೂ ಒಂದರ ಒಳಗೋಡೆ ಸೋರುತ್ತಿರುವುದು 2012ರಲ್ಲಿ ತಿಳಿದುಬಂದಿತು.

ಅಪಾಯ ಸೋರಿಕೆಯೊಂದರಿಂದಲೇ ಅಲ್ಲ. ಎಸ್‌ವೈ-101 ಎಂಬ ತೊಟ್ಟಿಯಲ್ಲಿ ಮೇಲೆ ದಪ್ಪನೆಯ ಕೆನೆ ಕಟ್ಟಿ, ಅದರಡಿಯಲ್ಲಿ ವಿಕಿರಣದ ಪ್ರಭಾವದಿಂದ ಹುಟ್ಟಿದ ಜಲಜನಕವು ತಿಂಗಳುಗಟ್ಟಲೆ ಸೆರೆಯಾಗಿದ್ದು, ಒಮ್ಮೆಲೇ ತೇಗಿದಂತೆ ಹೊರನುಗ್ಗುತ್ತಿತ್ತು. ಆ ಗಳಿಗೆಯಲ್ಲಿ ಒಂದು ಕಿಡಿ ಬಿದ್ದಿದ್ದರೆ ಆಗುತ್ತಿದ್ದ ಅನಾಹುತ ಊಹೆಗೆ ಭೀಕರ. 1993ರಲ್ಲಿ ಒಳಗೊಂದು ಪಂಪನ್ನು ಇಳಿಸಿ, ಮಜ್ಜಿಗೆ ಕಡೆದಂತೆ ತಳವನ್ನು ಕಡೆಯತೊಡಗಿದ ಮೇಲೆ ಅನಿಲವು ಸ್ವಲ್ಪಸ್ವಲ್ಪವಾಗಿ ಬಿಡುಗಡೆಯಾಯಿತು. ಇಂತಹ ತೊಟ್ಟಿಯೊಳಕ್ಕೆ ಮನುಷ್ಯನು ಇಳಿಯುವಂತಿಲ್ಲ. ಮೇಲಿನ ಮಣ್ಣನ್ನು ಭೇದಿಸಿ ನಿಂತ ಕಿರಿದಾದ ಕೊಳವೆಗಳ ಮೂಲಕವೇ ಯಂತ್ರವನ್ನು ತೂರಿಸಿ, ನೀರು ಚಿಮ್ಮಿಸಿ, ರಾಡಿಯನ್ನು ಸಡಿಲಿಸಿ ಮೇಲೆತ್ತಬೇಕು. ಹಾಗೆ ಚಿಮ್ಮಿಸಿದ ನೀರೂ ಕಶ್ಮಲವೇ ಆಗಿ, ಅದಕ್ಕೂ ಸ್ಥಳವನ್ನು ಹುಡುಕಬೇಕಾಗುತ್ತದೆ.

ಕೇಂದ್ರ ಸರ್ಕಾರದ ಇಂಧನ ಇಲಾಖೆ, ಪರಿಸರ ರಕ್ಷಣಾ ಸಂಸ್ಥೆ ಮತ್ತು ವಾಷಿಂಗ್‌ಟನ್ ರಾಜ್ಯಗಳು 1989ರಲ್ಲಿ ಶುದ್ಧೀಕರಣದ ಒಪ್ಪಂದಕ್ಕೆ ಸಹಿಮಾಡಿದವು. ಕಶ್ಮಲವನ್ನು ಕರಗಿದ ಗಾಜಿನೊಡನೆ ಬೆರೆಸಿ ಸ್ಟೀಲಿನ ಕೊಳಗಗಳಲ್ಲಿ ಗಟ್ಟಿಗೊಳಿಸುವ ಸ್ಥಾವರದ ನಿರ್ಮಾಣ 2002ರಲ್ಲಿ ಆರಂಭವಾಯಿತು. ಮೊದಲು ಸುಮಾರು 430 ಕೋಟಿ ಡಾಲರೆಂದಿದ್ದ ಅದರ ಅಂದಾಜು ಕೆಲವೇ ವರ್ಷಗಳಲ್ಲಿ 1,200 ಕೋಟಿಯನ್ನು ಮೀರಿತು. ಇಡೀ ಪ್ರದೇಶದ ಶುದ್ಧೀಕರಣಕ್ಕೆ ಇನ್ನು 32,300 ಕೋಟಿಯಿಂದ 67,700 ಕೋಟಿ ಡಾಲರುಗಳವರೆಗೆ ಬೇಕಾದೀತೆಂದು ಇಂಧನ ಇಲಾಖೆಯೇ 2019ರಲ್ಲಿ ವರದಿಮಾಡಿತು. ಕನಿಷ್ಠಕ್ಕೆ ಇಮ್ಮಡಿಯಾದ ಗರಿಷ್ಠವನ್ನು ಹೇಳಬೇಕಾಗಿ ಬಂದುದೇ, ಇದು ಎಷ್ಟು ಅಳತೆಗೆಟ್ಟ ಕಾರ್ಯವೆಂಬುದನ್ನು ತೋರಿಸುತ್ತದೆ. ಯುದ್ಧಕಾಲದಲ್ಲಿ ಉಳಿಸಿದ ಉಕ್ಕಿನ ಬೆಲೆಯನ್ನು, ಆಗ ಹುಟ್ಟದಿದ್ದವರ ಮಕ್ಕಳು ಮೊಮ್ಮಕ್ಕಳು ತೆರುತ್ತಿರುವರು.

ಕಡಿಮೆ ತೀವ್ರತೆಯ ಕಶ್ಮಲವನ್ನು ಗಾಜಾಗಿಸುವ ಕಾರ್ಯ 2025ರಲ್ಲಿ ಮೊದಲಾಯಿತು. ಆ ಗಾಜು ಹ್ಯಾನ್‌ಫರ್ಡಿನಲ್ಲಿಯೇ ಹೂಳಲ್ಪಡುವುದು. 24,000 ವರ್ಷಗಳಿಗೆ ಅರ್ಧವಷ್ಟೇ ಕ್ಷಯಿಸುವ ಪ್ಲುಟೋನಿಯಮನ್ನೂ ಒಳಗೊಂಡ ತೀವ್ರ ಕಶ್ಮಲದ ಗಾಜಿಗಾದರೆ, 1987ರ ಕಾನೂನು ನೆವಾಡದ ಯಕ್ಕ ಪರ್ವತವನ್ನು ಗೊತ್ತುಮಾಡಿತ್ತು. ಆ ಯೋಜನೆಗೆ 2011ರ ಹೊತ್ತಿಗೆ ಹಣ ನಿಂತುಹೋಯಿತು. ಬೇರೊಂದು ಸ್ಥಳ ಇನ್ನೂ ನಿಶ್ಚಯವಾಗಿಲ್ಲ.