ನಿಯಮಕ್ಕೆ ಬಗ್ಗದ ವಜ್ರ

1900ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಮ್ಯಾಕ್ಸ್ ಪ್ಲಾಂಕ್ ಕೃಷ್ಣಕಾಯ ವಿಕಿರಣದ, ಅಂದರೆ ಕಾದ ಆದರ್ಶ ಕಪ್ಪು ವಸ್ತು ಹೊಮ್ಮಿಸುವ ವಿಕಿರಣದ, ಸೂತ್ರವನ್ನು ವಿವರಿಸಿದಾಗ ಕ್ವಾಂಟಂ ಸಿದ್ಧಾಂತ ಹುಟ್ಟಿತು ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಹುಟ್ಟಿನ ಮಟ್ಟಿಗೆ ಅದು ನಿಜ. ಆದರೆ ಆಮೇಲೆ ಕೆಲವು ವರ್ಷ ಅದು ವಿಕಿರಣಕ್ಕೆ ಸಂಬಂಧಿಸಿದ ಒಂದು ಲೆಕ್ಕದ ಉಪಾಯವಾಗಿಯೇ ಉಳಿದಿತ್ತು. ಭೌತವಿಜ್ಞಾನಿಗಳು ಅದನ್ನು ದ್ರವ್ಯದ ಸ್ವಭಾವವೆಂದು ಒಪ್ಪುವಂತೆ ಮಾಡಿದ್ದು ಹೆಚ್ಚಾಗಿ ಉಷ್ಣಧಾರಕತೆ, ಅಂದರೆ ವಸ್ತುವನ್ನು ಒಂದು ಡಿಗ್ರಿ ಬಿಸಿ ಮಾಡಲು ಎಷ್ಟು ಶಾಖ ಬೇಕೆಂಬ ಸಾದಾ ಅಳತೆ ಎಂಬುದು ನನ್ನ ವಾದ.

1819ರಲ್ಲಿ ಪ್ಯಾರಿಸ್ಸಿನ ಡ್ಯೂಲಾಂಗ್ ಮತ್ತು ಪೆಟಿ ಒಂದು ಸೋಜಿಗ ಕಂಡರು. ಧಾತುವಿನ ಪರಮಾಣು ತೂಕವನ್ನು ಅದರ ವಿಶಿಷ್ಟೋಷ್ಣದಿಂದ, ಅಂದರೆ ಒಂದು ಗ್ರಾಂನ ಉಷ್ಣಧಾರಕತೆಯಿಂದ, ಗುಣಿಸಿದರೆ ಸೀಸಕ್ಕೂ ತಾಮ್ರಕ್ಕೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ಬರುತ್ತದೆ, ಸುಮಾರು 6 ಕ್ಯಾಲೊರಿ. ಪರಮಾಣು ಮೂರು ದಿಕ್ಕುಗಳಲ್ಲಿ ಕಂಪಿಸುತ್ತದೆ, ಪ್ರತಿ ಚಲನೆಗೂ ಶಕ್ತಿಯ ಸಮಪಾಲು ಸಲ್ಲುತ್ತದೆ ಎಂದು 1870ರ ದಶಕದಲ್ಲಿ ಬೋಲ್ಟ್ಸ್‌ಮನ್ ಇದಕ್ಕೆ ಕಾರಣ ಕೊಟ್ಟರು. ವಜ್ರ ಮಾತ್ರ ಬಗ್ಗಲಿಲ್ಲ. ಕೋಣೆಯ ಉಷ್ಣತೆಯಲ್ಲಿ ಅದರ ಸಂಖ್ಯೆ ಒಂದೂವರೆಯ ಆಸುಪಾಸು. 1872ರಲ್ಲಿ ಹೈನ್ರಿಖ್ ವೆಬರ್ ಅಳೆದು ನೋಡಿದಾಗ, 0ಯಿಂದ 200 ಡಿಗ್ರಿ ಸೆಲ್ಸಿಯಸ್‌ಗೆ ಹೋಗುವಷ್ಟರಲ್ಲಿ ವಜ್ರದ ವಿಶಿಷ್ಟೋಷ್ಣ ಮೂರು ಪಟ್ಟಾಗಿತ್ತು. ಇನ್ನೂ ಕೆಳಗಿನ ಉಷ್ಣತೆಗೆ ಇಳಿಯುವ ಆಸೆ ಅವರಿಗಿತ್ತು, ಆದರೆ ಮಾರ್ಚ್ ಮುಗಿಯುತ್ತಿತ್ತು, ಪ್ರಯೋಗಕ್ಕೆ ಬೇಕಾದ ಹಿಮವೇ ಸಿಗಲಿಲ್ಲ. 1875ರ ಹೊತ್ತಿಗೆ ಅವರು ಮೈನಸ್ 100ರಿಂದ 1000 ಡಿಗ್ರಿಯವರೆಗೂ ಅಳೆದಿದ್ದರು. ಕಾಯಿಸಿದಷ್ಟೂ ವಜ್ರ ಡ್ಯೂಲಾಂಗ್–ಪೆಟಿ ಸಂಖ್ಯೆಯ ಹತ್ತಿರ ಬರುತ್ತಿತ್ತು.

ಅನಿಲಗಳ ತೊಡಕೂ ಇದೇ ಜಾತಿಯದು. ಗಾಳಿಯ ಎರಡು ವಿಶಿಷ್ಟೋಷ್ಣಗಳ (ಒತ್ತಡ ಸ್ಥಿರವಿದ್ದಾಗಿನದು, ಗಾತ್ರ ಸ್ಥಿರವಿದ್ದಾಗಿನದು) ಅನುಪಾತ ಸುಮಾರು 1.4. ಅಣುವನ್ನು ಬಾಗದ ಜೋಡಿಗುಂಡೆಂದು ಭಾವಿಸಿದರೆ ಲೆಕ್ಕ ಸರಿಹೋಗುತ್ತದೆ. ಆದರೆ ರೋಹಿತದ ಗೆರೆಗಳನ್ನು ಹೊಮ್ಮಿಸುವ ಅಣುವಿನೊಳಗೆ ಏನೋ ಕಂಪಿಸುತ್ತಿರಲೇಬೇಕಲ್ಲ, ಆ ಕಂಪನದ ಪಾಲು ಎಲ್ಲಿ ಹೋಯಿತು? ಅಣುಸಿದ್ಧಾಂತ ಎದುರಿಸಿದ ಅತಿ ದೊಡ್ಡ ಕಷ್ಟ ಇದೇ ಎಂದು ಮ್ಯಾಕ್ಸ್‌ವೆಲ್ 1875ರಲ್ಲಿ ಹೇಳಿದ್ದರು. 1900ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಕೆಲ್ವಿನ್ ಶಾಖ ಮತ್ತು ಬೆಳಕಿನ ಸಿದ್ಧಾಂತದ ಮೇಲೆ ಕವಿದಿವೆಯೆಂದು ಹೆಸರಿಸಿದ ಎರಡು ಮೋಡಗಳಲ್ಲಿ ಎರಡನೆಯದೂ ಈ ಸಮಪಾಲಿನ ತತ್ವವೇ. ಅದನ್ನು ಕೃಷ್ಣಕಾಯದ ಸಮಸ್ಯೆಯೆಂದು ಇಂದಿಗೂ ಬರೆಯುವುದು ತಪ್ಪು. ಒಳಗಿನ ಕಂಪನಗಳಿಗೆ ಶಕ್ತಿ ಬಲು ನಿಧಾನವಾಗಿ ಸೇರುವುದರಿಂದ ಅದು ಅಳತೆಗೆ ಸಿಗುತ್ತಿಲ್ಲ ಎಂಬ ಸಮಾಧಾನವೂ ಇತ್ತು. ಇದು ಹುರುಳಿಲ್ಲದ ಮಾತಲ್ಲ. ಆದರೆ ವಿಳಂಬವೇ ಕಾರಣವಾದರೆ, ಹೆಚ್ಚು ಹೊತ್ತು ಕಾದು ಅಳೆದಾಗ ಫಲಿತಾಂಶ ಬದಲಾಗಬೇಕು. ವೆಬರ್‌ರ ವಜ್ರ ಬದಲಾದದ್ದು ಉಷ್ಣತೆಯೊಂದಿಗೆ, ಅದೂ ಒಂದೇ ನಯವಾದ ಏರಿನಲ್ಲಿ.

ಜ್ಯೂರಿಕ್‌ನಲ್ಲಿ ಇದೇ ವೆಬರ್‌ರ ವಿದ್ಯಾರ್ಥಿಯಾಗಿದ್ದ ಐನ್‌ಸ್ಟೈನ್ 1907ರಲ್ಲಿ ಗುರುವಿನ ಅಂಕಿಗಳನ್ನೇ ಎತ್ತಿಕೊಂಡರು. ಕಂಪಿಸುವ ಪರಮಾಣು ಶಕ್ತಿಯನ್ನು ಇಡೀ ಕಂತುಗಳಲ್ಲಿ, ಅಂದರೆ ಕ್ವಾಂಟಂಗಳಲ್ಲಿ, ಮಾತ್ರ ಸ್ವೀಕರಿಸುತ್ತದೆ, ಕಂಪನ ವೇಗವಾದಷ್ಟೂ ಆ ಕಂತು ದೊಡ್ಡದು. ಇಂಗಾಲದ ಪರಮಾಣು ಹಗುರ, ವಜ್ರದಲ್ಲಿ ಅದರ ಬಂಧ ಬಿಗಿ, ಹಾಗಾಗಿ ಕಂಪನ ಚುರುಕು. ಕೋಣೆಯ ಬಿಸಿಗೆ ಆ ಕಂತನ್ನು ಒದಗಿಸುವ ಶಕ್ತಿ ಸಾಲದು. ಭಾರವಾದ, ಸಡಿಲ ಬಂಧದ ಸೀಸಕ್ಕೆ ಅದು ಧಾರಾಳ ಸಾಕು. ಅತಿ ತಣ್ಣನೆಯಲ್ಲಿ ಐನ್‌ಸ್ಟೈನ್‌ರ ಸೂತ್ರ ಅಳತೆಗಿಂತ ಬೇಗ ಕುಸಿಯುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದುದೇ. ಬರ್ಲಿನ್ನಿನಲ್ಲಿ ನೆರ್ನ್‌ಸ್ಟ್‌ರ ಪ್ರಯೋಗಾಲಯ ಅದನ್ನು ಕಂಡಿತ್ತು. ಆದರೂ ನೆರ್ನ್‌ಸ್ಟ್ ಕ್ವಾಂಟಂ ಕಲ್ಪನೆಯ ಕಡೆ ವಾಲಿ, ಅದನ್ನೇ ಚರ್ಚಿಸಲು 1911ರಲ್ಲಿ ಬ್ರಸೆಲ್ಸ್‌ನಲ್ಲಿ ಸೇರಿದ ಮೊದಲ ಸಾಲ್ವೇ ಸಮ್ಮೇಳನಕ್ಕೆ ಮುಂದಾಳಾದರು. ಪರಮಾಣುಗಳೆಲ್ಲ ಒಂದೇ ಲಯದಲ್ಲಿ ಕಂಪಿಸುವುದಿಲ್ಲ, ಹರಳಿನಲ್ಲಿ ನಿಧಾನದ ಅಲೆಗಳೂ ಇವೆ ಎಂದು 1912ರಲ್ಲಿ ಡಿಬೈ ತಿದ್ದಿದಾಗ ಉಷ್ಣತೆಯ ಘನಕ್ಕೆ ಅನುಗುಣವಾದ ನಿಯಮ ಸಿಕ್ಕಿತು. ಕಂತಿನ ಕಲ್ಪನೆ ಅಲುಗಲಿಲ್ಲ. ಅದೇ ವರ್ಷ ಐಕೆನ್ ಹೈಡ್ರೋಜನ್ನನ್ನು ತಣ್ಣಗಾಗಿಸುತ್ತ ಹೋದರು. ಸುಮಾರು 60 ಕೆಲ್ವಿನ್‌ಗೆ ಇಳಿದಾಗ ಅದರ ಅಣುಗಳ ತಿರುಗಾಟವೂ ನಿಂತುಹೋಗಿ, ಎರಡು ಪರಮಾಣುಗಳ ಆ ಅನಿಲ ಒಂಟಿ ಪರಮಾಣುವಿನ ಅನಿಲದಂತೆ ವರ್ತಿಸಿತು. ಹೈಡ್ರೋಜನ್ನಿನ ಆ ಇಳಿತದ ರೇಖೆಯನ್ನು ಪೂರ್ತಿ ವಿವರಿಸಲು 1927ರವರೆಗೆ, ಡೆನಿಸನ್ ಪ್ರೋಟಾನಿನ ಗಿರಕಿಯನ್ನು (ಸ್ಪಿನ್) ಲೆಕ್ಕಕ್ಕೆ ತರುವವರೆಗೆ, ಕಾಯಬೇಕಾಯಿತು.