ಮುಮ್ಮಡಿ ಕೃಷ್ಣರಾಜರ ಕುದುರೆಯ ನಡೆ

ವಾನಳ್ಳಿಯಂಥ ಮಲೆಸೀಮೆಯ ಊರುಗಳಲ್ಲಿ ಜಗಲಿಯ ಮೇಲೆ ಇದ್ದಲಿನಿಂದ ಗೆರೆಯೆಳೆದು ಆಡುವ ಹುಲಿ-ಕುರಿಯಾಟಕ್ಕೆ ಕರ್ತೃವಿನ ಹೆಸರಿಲ್ಲ. ಆಡುವವರಿಂದಲೇ ಅದು ಬದುಕಿತು. ಕರ್ತೃವಿನ ಹೆಸರು ನಿಂತು, ಆಡುವವರು ವಿರಳರಾದ ಆಟಗಳೂ ನಮ್ಮ ನಾಡಿನಲ್ಲಿರುವುವು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಐದನೆಯ ವಯಸ್ಸಿನಲ್ಲಿ, 1799ರಲ್ಲಿ, ಪಟ್ಟವನ್ನೇರಿದರು. 1831ರಲ್ಲಿ ಇಂಗ್ಲಿಷರು ರಾಜ್ಯಭಾರವನ್ನು ತಾವೇ ವಹಿಸಿಕೊಂಡರು. ಸಿಂಹಾಸನವುಳಿಯಿತು, ಅಧಿಕಾರವುಳಿಯಲಿಲ್ಲ. ಆದರೆ ಅವರ ಬುದ್ಧಿಯು ಸುಮ್ಮನಿರಲಿಲ್ಲ. ಚದುರಂಗ, ಪಗಡೆ, ಗಂಜೀಫುಗಳಲ್ಲಿ ಹೊಸ ಹೊಸ ಬಗೆಗಳನ್ನು ಕಲ್ಪಿಸಿದರು. ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲೊಂದಾದ ಕೌತುಕನಿಧಿಯಲ್ಲಿ ಗಂಜೀಫಿನ ಎಲೆಗಳ ವರ್ಣನೆಯುಂಟು. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆಟದ ಹಾಸುಗಳು ಚಿತ್ರಿತವಾಗಿವೆ.

ಅವರ ಬುದ್ಧಿಗೆ ಉತ್ತಮ ಸಾಕ್ಷಿಯೆಂದರೆ ಕುದುರೆಯ ನಡೆ. ಚದುರಂಗದ ಕುದುರೆಯು 64 ಮನೆಗಳನ್ನೂ, ಯಾವುದನ್ನೂ ಎರಡು ಸಲ ಮೆಟ್ಟದೆ, ಸುತ್ತಿ ಬರಬೇಕು. ಮೆಟ್ಟಿದ ಕ್ರಮದಲ್ಲಿ ಮನೆಗಳಿಗೆ ಅಂಕೆಯಿಟ್ಟರೆ, ಪ್ರತಿಯೊಂದು ಅಡ್ಡಸಾಲೂ ನೀಟಸಾಲೂ 260 ಆಗುವಂತೆ ಅವರು ಒಂದು ನಡೆಯನ್ನು ಜೋಡಿಸಿದರು. ಎರಡು ಕರ್ಣಗಳಲ್ಲಿಯೂ ಅದೇ ಮೊತ್ತ ಬರುವುದೇ? 2003ರಲ್ಲಿ ಗಣಕಯಂತ್ರಗಳಿಂದ ಸಾಧ್ಯತೆಗಳನ್ನೆಲ್ಲ ಶೋಧಿಸಿ, ಅದು ಅಸಾಧ್ಯವೆಂದು ನಿರ್ಣಯಿಸಿದರು. ಯಂತ್ರವಿಲ್ಲದ ಕಾಲದಲ್ಲಿ ಒಡೆಯರು ಎಷ್ಟು ದೂರ ನಡೆದಿದ್ದರೆಂಬುದನ್ನು ವಾಚಕರೇ ಊಹಿಸಬಹುದು.

ಒಬ್ಬನೇ ಕುಳಿತು ಚಿತ್ರವನ್ನೂ ಒಗಟನ್ನೂ ಹೆಣೆಯುವ ಹವ್ಯಾಸ ಇಂದಿಗೂ ನಿಂತಿಲ್ಲ. ಅಮೆರಿಕದ ಜೇಸನ್ ರಾಬರ್ಟ್ಸ್ ಎಂಬವರು 2017ರಲ್ಲಿ ಹೊರತಂದ ‘ಗೊರೊಗೋವ’ ಎಂಬ ವಿಡಿಯೋ ಆಟದಲ್ಲಿ ಚಿತ್ರಗಳೆಲ್ಲ ಅವರ ಕೈಯವೇ. ನಾಲ್ಕು ಚೌಕಗಳ ಚಿತ್ರಗಳನ್ನು ಸರಿಸಿ, ಒಂದರ ಮೇಲೊಂದಿಟ್ಟು, ಮಾತಿಲ್ಲದ ಕಥೆಯನ್ನು ಮುಂದೊಯ್ಯಬೇಕು. ಒಡೆಯರಿಗಾದರೋ ಆಸ್ಥಾನದ ಚಿತ್ರಕಾರರ ನೆರವಿದ್ದಿತು. ಕಲ್ಪನೆ ಮಾತ್ರ ತಮ್ಮದು.

ಇವೆರಡಕ್ಕೂ ಬರಬಹುದಾದ ಕೇಡು ಒಂದೇ. ಗೋಡೆಯ ಹಾಸನ್ನು ಆಡುವ ಬಗೆ ಮರೆತರೆ ಅದು ಬರಿಯ ಚಿತ್ರ. ವಿಡಿಯೋ ಆಟವನ್ನು ನಡೆಸುವ ಯಂತ್ರ ಹಳತಾಗಿ ಹೋದರೆ ಅದು ಬರಿಯ ಹೆಸರು. ಚಿತ್ರವನ್ನು ಕಾಯಲು ಅರಮನೆ ಸಾಕು. ಆಟವನ್ನು ಕಾಯಲು ಆಡುವವರು ಬೇಕು. ಆದುದರಿಂದ ಮನೆಯ ಹಿರಿಯರು ಬಲ್ಲ ಆಟದ ನಿಯಮಗಳನ್ನು ಬರೆದಿಡುವುದಷ್ಟೇ ಅಲ್ಲ, ಮಕ್ಕಳೊಡನೆ ಒಮ್ಮೆ ಜಗಲಿಯ ಮೇಲೆ ಕುಳಿತು ಆಡುವುದೂ ಇತಿಹಾಸಕ್ಕೆ ಸಲ್ಲುವ ಸೇವೆಯೇ ಆಗಿರುವುದು.