ಆರು ಖಾನೆಯ ಚೀಲ: ಭಯದ ವಿಡಿಯೋ ಗೇಮ್‌ಗಳ ನಾಲ್ಕು ದಶಕ

ಗಂಗಾವತಿ, ಕುಷ್ಟಗಿ ಕಡೆಯ ಹುಡುಗರ ಮೊಬೈಲಿನಲ್ಲಿ ಹಗಲು ಹೊತ್ತು ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್ ಎಂಬ ಗುಂಡು ಹಾರಿಸುವ ಆಟಗಳದೇ ಸದ್ದು. ಹುಡುಕಿದಲ್ಲಿ ಬಂದೂಕು ಸಿಗುತ್ತದೆ, ಸತ್ತರೆ ಮರುಗಳಿಗೆಗೆ ಇನ್ನೊಂದು ಪಂದ್ಯ. ರಾತ್ರಿ ಊಟವಾದ ಮೇಲೆ ಮೂರು ನಾಲ್ಕು ಜನ ಒಂದೇ ಮೊಬೈಲಿಗೆ ತಲೆ ಸೇರಿಸಿ ಆಡುವ ಆಟ ಬೇರೆ ಜಾತಿಯದು. ‘ಗ್ರ್ಯಾನಿ’ಯನ್ನೇ ತೆಗೆದುಕೊಳ್ಳಿ. 2017ರಲ್ಲಿ ಬಂದ ಈ ಆಟದಲ್ಲಿ ನೀವು ಬೀಗ ಹಾಕಿದ ಮನೆಯೊಳಗೆ ಸಿಕ್ಕಿಬಿದ್ದಿದ್ದೀರಿ. ಜೊತೆಗಿರುವುದು ದೊಣ್ಣೆ ಹಿಡಿದ ಒಬ್ಬ ಮುದುಕಿ. ಅವಳ ಕಿವಿ ಬಲು ಚುರುಕು. ಕೈಲಿದ್ದ ವಸ್ತು ಕೆಳಗೆ ಬಿದ್ದರೆ, ನೆಲದ ಹಲಗೆ ಕಿರುಗುಟ್ಟಿದರೆ ಬಂದೇಬಿಡುತ್ತಾಳೆ. ತಪ್ಪಿಸಿಕೊಳ್ಳಲು ಇರುವುದು ಐದೇ ದಿನ. “ಮುದುಕಿ ಬಂದಳಲೇ, ಮಂಚದ ಕೆಳಗ ಹೊಕ್ಕೊ!” ಎಂದು ಪಕ್ಕದವನು ಪಿಸುಗುಟ್ಟುವ ಹೊತ್ತಿಗೆ ಆಡುವವನ ಅಂಗೈ ಬೆವೆತಿರುತ್ತದೆ.

ಈ ಜಾತಿಯ ಆಟಗಳಿಗೆ ‘ಸರ್ವೈವಲ್ ಹಾರರ್’ ಎಂಬ ಹೆಸರು ನಿಂತಿದೆ. ಇಲ್ಲಿ ಗೆಲ್ಲುವುದಕ್ಕಿಂತ ಬದುಕಿ ಉಳಿಯುವುದು ದೊಡ್ಡದು. ಯಾಕೆ ಉಳಿಯಬೇಕು ಎಂಬುದನ್ನು ಕಥೆ ಹೇಳುತ್ತದೆ. ನಾಲ್ಕು ದಶಕಗಳ ಇದರ ಚರಿತ್ರೆಯಲ್ಲಿ ದೆವ್ವ, ಜೋಂಬಿ, ರಾಕ್ಷಸರೆಲ್ಲ ಬದಲಾಗುತ್ತ ಬಂದಿದ್ದಾರೆ. ಬದಲಾಗದೆ ಉಳಿದದ್ದು ಕೊರತೆ. ಗುಂಡೋ ಬೆಳಕೋ ಬ್ಯಾಟರಿಯೋ ಸಮಯವೋ, ಏನಾದರೊಂದು ಸಾಲದೇ ಇರಬೇಕು. ಕೊರತೆ ನೀಗಿದಾಗಲೆಲ್ಲ ಭಯವೂ ನೀಗಿದೆ.

ಬಂಗಲೆಯೊಳಗಿನ ಹುಟ್ಟು

1982ರ ಅಟಾರಿ ಆಟ ‘ಹಾಂಟೆಡ್ ಹೌಸ್’ನಲ್ಲಿ ಪರದೆಯ ಮೇಲೆ ಆಟಗಾರನೆಂದರೆ ಎರಡು ಕಣ್ಣುಗಳಷ್ಟೆ. ಕಡ್ಡಿ ಗೀರಿದರೆ ಸುತ್ತ ಒಂದಿಷ್ಟು ಬೆಳಕು. ಆರಿದರೆ ಮತ್ತೆ ಕತ್ತಲು. ಪ್ರಕಾರದ ಬೀಜ ಅಷ್ಟರಲ್ಲೇ ಇತ್ತು. ಅದಕ್ಕೆ ಕಥೆಯನ್ನು ಕೂಡಿಸಿದ್ದು ಜಪಾನಿನ ಕ್ಯಾಪ್ಕಾಮ್ ಸಂಸ್ಥೆ. ಕಿಯೋಶಿ ಕುರೊಸಾವಾ ಅವರ ಚಲನಚಿತ್ರವನ್ನು ಆಧರಿಸಿ 1989ರಲ್ಲಿ ಟೊಕುರೊ ಫುಜಿವಾರಾ ರೂಪಿಸಿದ ‘ಸ್ವೀಟ್ ಹೋಮ್’ನಲ್ಲಿ ಐವರು ಒಬ್ಬ ಕಲಾವಿದನ ಪಾಳು ಬಂಗಲೆಯೊಳಗೆ ಸಿಕ್ಕಿಬೀಳುತ್ತಾರೆ. ಒಬ್ಬೊಬ್ಬರು ಹೊರಬಹುದಾದ ಸಾಮಾನು ಕೆಲವೇ. ಸತ್ತವರು ಮತ್ತೆ ಏಳುವುದಿಲ್ಲ. ಎಷ್ಟು ಜನ ಉಳಿದರು ಎಂಬುದರ ಮೇಲೆ ಕಥೆಯ ಕೊನೆ ಬದಲಾಗುತ್ತದೆ. ಬಂಗಲೆಯಲ್ಲಿ ಹಿಂದೆ ಏನಾಯಿತೆಂಬುದನ್ನು ಅಲ್ಲಲ್ಲಿ ಸಿಗುವ ಬರಹಗಳಿಂದ ಆಟಗಾರನೇ ಜೋಡಿಸಿಕೊಳ್ಳಬೇಕು. 1992ರಲ್ಲಿ ಫ್ರಾನ್ಸಿನ ಫ್ರೆಡೆರಿಕ್ ರೇನಾಲ್ ‘ಅಲೋನ್ ಇನ್ ದ ಡಾರ್ಕ್’ ತಂದರು. ಚಿತ್ರಿಸಿಟ್ಟ ಕೋಣೆಗಳಲ್ಲಿ ಮೂರು ಆಯಾಮದ ಪಾತ್ರಗಳು ಓಡಾಡಿದವು; ಕ್ಯಾಮೆರಾ ಮೂಲೆಯಲ್ಲಿ ಕದಲದೆ ನಿಂತಿತ್ತು. ತಿರುವಿನಾಚೆ ಏನಿದೆಯೆಂದು ನೋಡುವ ಸ್ವಾತಂತ್ರ್ಯವನ್ನೇ ಆಟ ಕಿತ್ತುಕೊಂಡಿತು.

ಈ ಎರಡೂ ಎಳೆಗಳು ಕೂಡಿದ್ದು 1996ರ ‘ರೆಸಿಡೆಂಟ್ ಈವಿಲ್’ನಲ್ಲಿ. ‘ಸ್ವೀಟ್ ಹೋಮ್’ ಅನ್ನು ಹೊಸದಾಗಿ ಮಾಡುವ ಯೋಚನೆಯಿಂದ ಹೊರಟ ಶಿಂಜಿ ಮಿಕಾಮಿ ಅವರ ತಂಡ ಈ ಪ್ರಕಾರಕ್ಕೆ ಹೆಸರನ್ನೂ ವ್ಯಾಕರಣವನ್ನೂ ಕೊಟ್ಟಿತು. ಆ ವ್ಯಾಕರಣವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕ್ರಿಸ್ ಪಾತ್ರವನ್ನು ಆರಿಸಿದರೆ ಚೀಲದಲ್ಲಿ 6 ಖಾನೆ, ಜಿಲ್ ಆದರೆ 8. ಪಿಸ್ತೂಲಿಗೊಂದು, ಗುಂಡಿಗೊಂದು, ಗಾಯಕ್ಕೆ ಹಚ್ಚುವ ಗಿಡಮೂಲಿಕೆಗೊಂದು, ಬೀಗದ ಕೈಗೊಂದು. ಅಷ್ಟರಲ್ಲಿ ಕ್ರಿಸ್‌ನ ಚೀಲ ತುಂಬುತ್ತ ಬರುತ್ತದೆ. ಆಟವನ್ನು ಉಳಿಸಿಕೊಳ್ಳಬೇಕೆಂದರೆ ಟೈಪ್‌ರೈಟರ್ ಹುಡುಕಬೇಕು, ಅದಕ್ಕೆ ಶಾಯಿಯ ರಿಬ್ಬನ್ ಬೇಕು, ರಿಬ್ಬನ್ನೂ ಒಂದು ಖಾನೆ ತಿನ್ನುತ್ತದೆ. ಎದುರಿನ ಜೋಂಬಿಯನ್ನು ಕೊಲ್ಲುವುದೋ, ಗುಂಡು ಉಳಿಸಿಕೊಂಡು ಪಕ್ಕದಿಂದ ನುಸುಳುವುದೋ? ಈ ಲೆಕ್ಕಾಚಾರವೇ ಆಟ. ಪ್ರತಿ ಬಾಗಿಲೂ ಕತ್ತಲಲ್ಲಿ ನಿಧಾನಕ್ಕೆ ತೆರೆದುಕೊಳ್ಳುವ ಹೆಸರಾಂತ ದೃಶ್ಯ, ಮುಂದಿನ ಕೋಣೆಯನ್ನು ಡಿಸ್ಕಿನಿಂದ ಓದಿಕೊಳ್ಳಲು ಯಂತ್ರಕ್ಕೆ ಬೇಕಾದ ಹೊತ್ತನ್ನು ಮುಚ್ಚಿಡುವ ಉಪಾಯ. ಆಟಗಾರನಿಗೆ ಮಾತ್ರ ಅದು ಉಸಿರು ಬಿಗಿಹಿಡಿಯುವ ಗಳಿಗೆ.

ಮಂಜಿನೊಳಗಿನ ಮನಸ್ಸು

1999ರಲ್ಲಿ ಕೊನಾಮಿ ಸಂಸ್ಥೆಯ ‘ಸೈಲೆಂಟ್ ಹಿಲ್’ ಬಂದಾಗಲೂ ಯಂತ್ರದ ಮಿತಿಯೇ ಭಯದ ಉಪಾಯವಾಯಿತು. ಊರಿಗೆ ಊರನ್ನೇ ದೂರದವರೆಗೆ ಚಿತ್ರಿಸುವ ತಾಕತ್ತು ಪ್ಲೇಸ್ಟೇಷನ್‌ಗೆ ಇರಲಿಲ್ಲ. ಊರ ತುಂಬ ಮಂಜು ಕವಿಸಲಾಯಿತು. ಕೈಯಲ್ಲೊಂದು ರೇಡಿಯೋ, ಯಾವುದೋ ಪ್ರಾಣಿ ಹತ್ತಿರ ಬಂದರೆ ಗರಗರ ಸದ್ದು. ಬಂದದ್ದು ಗೊತ್ತಾಗುತ್ತದೆ, ಎಲ್ಲಿಂದ ಬಂತು ಗೊತ್ತಾಗುವುದಿಲ್ಲ. ಕಥಾನಾಯಕ ಹ್ಯಾರಿ ಪೊಲೀಸನಲ್ಲ, ಕಳೆದುಹೋದ ಮಗಳನ್ನು ಹುಡುಕುವ ಒಬ್ಬ ಲೇಖಕ. 2001ರ ಎರಡನೆಯ ಭಾಗ ಇನ್ನೂ ಒಳಕ್ಕಿಳಿಯಿತು. ಸತ್ತ ಹೆಂಡತಿಯಿಂದ ಬಂದ ಪತ್ರ ಹಿಡಿದು ಊರಿಗೆ ಬರುವ ಜೇಮ್ಸ್‌ಗೆ ಎದುರಾಗುವ ವಿಕಾರಗಳು ಅವನದೇ ತಪ್ಪಿನ ರೂಪಗಳು. ವಿಡಿಯೋ ಗೇಮ್ ಒಂದು ಪಾಪಪ್ರಜ್ಞೆಯ ಕಥೆ ಹೇಳಬಲ್ಲದು ಎಂಬುದು ಅಲ್ಲಿಗೆ ಇತ್ಯರ್ಥವಾಯಿತು. ಪೋಲೆಂಡಿನ ಬ್ಲೂಬರ್ ಟೀಮ್ 2024ರಲ್ಲಿ ಅದನ್ನು ಮರುನಿರ್ಮಿಸಿದಾಗ, ದೂರದವರೆಗೆ ತೋರಿಸಬಲ್ಲ ಇಂದಿನ ಯಂತ್ರದಲ್ಲೂ ಮಂಜನ್ನು ಉಳಿಸಿಕೊಂಡಿತು.

ಗುಂಡು ಹೆಚ್ಚಾಯಿತು, ಭಯ ಇಳಿಯಿತು

2005ರ ‘ರೆಸಿಡೆಂಟ್ ಈವಿಲ್ 4’ ಕ್ಯಾಮೆರಾವನ್ನು ನಾಯಕನ ಹೆಗಲ ಹಿಂದಕ್ಕೆ ತಂದಿತು. ಗುರಿಯಿಟ್ಟು ಹೊಡೆಯುವುದು ಸುಲಭವಾಯಿತು. ಆಟ ಅದ್ಭುತವಾಗಿತ್ತು, ಅದರ ಹಾದಿ ಮಾತ್ರ ಪ್ರಕಾರವನ್ನು ಬೇರೆಡೆಗೆ ಒಯ್ದಿತು. 2009ರ ಐದನೆಯದು, 2012ರ ಆರನೆಯದು ಬರುವಷ್ಟರಲ್ಲಿ ಅವು ಸಾಹಸ ಸಿನಿಮಾಗಳಾಗಿದ್ದವು. ಗುಂಡು ಬೇಕಾದಷ್ಟಿದ್ದವನಿಗೆ ಯಾವ ಜೋಂಬಿಯ ಭಯ?

ಮತ್ತೆ ದಾರಿ ತೋರಿಸಿದ್ದು ಬಹುಮಟ್ಟಿಗೆ ಸಣ್ಣ ತಂಡಗಳು. ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್ 2010ರ ‘ಆಮ್ನೀಸಿಯಾ’ದಲ್ಲಿ ಆಯುಧವನ್ನೇ ಕಿತ್ತುಹಾಕಿತು. ಕತ್ತಲಲ್ಲಿ ನಿಂತರೆ ನಾಯಕನ ಬುದ್ಧಿ ಕೆಡುತ್ತದೆ, ಬೆಳಕಿಗೆ ಬಂದರೆ ಬೆನ್ನಟ್ಟುವ ರಾಕ್ಷಸನ ಕಣ್ಣಿಗೆ ಬೀಳುತ್ತಾನೆ, ಕಂದೀಲಿನ ಎಣ್ಣೆಯೋ ಮುಗಿಯುತ್ತಿದೆ. 2013ರ ‘ಔಟ್‌ಲಾಸ್ಟ್’ನಲ್ಲಿ ಪತ್ರಕರ್ತನ ಕೈಲಿರುವುದು ಬ್ಯಾಟರಿ ಕರಗುವ ಕ್ಯಾಮೆರಾ ಒಂದೇ. 2014ರ ‘ಏಲಿಯನ್: ಐಸೊಲೇಷನ್’ನಲ್ಲಿ ಬೆನ್ನಟ್ಟುವ ಪ್ರಾಣಿಯನ್ನು ಕೊಲ್ಲಲಾಗುವುದಿಲ್ಲ, ಬೇಕೆಂದರೆ ಆಟಗಾರ ಕೂತ ಕೋಣೆಯ ಸದ್ದನ್ನೂ ಅದು ಮೈಕ್‌ನಿಂದ ಕೇಳಿಸಿಕೊಳ್ಳುತ್ತದೆ. ಅದೇ ವರ್ಷ ಸ್ಕಾಟ್ ಕಾಥನ್ ಒಬ್ಬರೇ ಮಾಡಿದ ‘ಫೈವ್ ನೈಟ್ಸ್ ಆ್ಯಟ್ ಫ್ರೆಡ್ಡೀಸ್’ ಬಂತು. ರಾತ್ರಿ ಕಾವಲುಗಾರನೊಬ್ಬ ಕುರ್ಚಿಯಿಂದ ಏಳದೆ ಬೆಳಗಿನ 6 ಗಂಟೆಯವರೆಗೆ ಬದುಕಬೇಕು. ಬಾಗಿಲು ಮುಚ್ಚಿದರೂ ದೀಪ ಹಾಕಿದರೂ ಕ್ಯಾಮೆರಾ ನೋಡಿದರೂ ಕರೆಂಟ್ ಖರ್ಚಾಗುತ್ತದೆ. ಕರೆಂಟ್ ಹೋಯಿತೋ ಅವನ ಕಥೆ ಮುಗಿಯಿತು. ಪಂಪ್‌ಸೆಟ್ಟಿಗೆ ರಾತ್ರಿ ಪಾಳಿಯಲ್ಲಿ ತ್ರೀ ಫೇಸ್ ಕಾಯುವ ಯಲಬುರ್ಗಾ ಸೀಮೆಯವರಿಗೆ ಈ ಆತಂಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೊಡ್ಡ ಸಂಸ್ಥೆಗಳೂ ಪಾಠ ಕಲಿತವು. 2013ರ ‘ದ ಲಾಸ್ಟ್ ಆಫ್ ಅಸ್’ ಕೊರತೆಯ ನಡುವೆಯೇ ಒಬ್ಬ ನೊಂದ ಗಂಡಸು ಮತ್ತು ಒಬ್ಬ ಹುಡುಗಿಯ ಸಂಬಂಧವನ್ನು ಕಟ್ಟಿತು. ಹತ್ತು ವರ್ಷದ ನಂತರ ಅದು ಟಿವಿ ಸರಣಿಯೂ ಆಯಿತು. 2017ರ ‘ರೆಸಿಡೆಂಟ್ ಈವಿಲ್ 7’ ಮತ್ತೆ ಒಂದು ಮನೆಯೊಳಗೆ, ಎಣಿಸಿ ಬಳಸುವ ಗುಂಡುಗಳಿಗೆ ಮರಳಿತು.

ಹೆದರಿಕೆಗೆ ಹಣ ಕೊಡುವುದೇಕೆ?

ನಾಟ್ಯಶಾಸ್ತ್ರ ಭಯಾನಕವನ್ನು ಒಂದು ರಸವೆಂದು ಎಣಿಸಿದ್ದೇ ಪ್ರೇಕ್ಷಕ ಭಯವನ್ನೂ ಸವಿಯಬಲ್ಲ ಎಂಬ ತಿಳಿವಿನಿಂದ. ನಾಟಕದಲ್ಲಿ ಅಪಾಯ ಪಾತ್ರದ್ದು, ಸವಿ ನೋಡುವವನದು. ಆಟ ಈ ಅಂತರವನ್ನು ಕಿರಿದಾಗಿಸುತ್ತದೆ. ಸಿನಿಮಾ ನೋಡುವವನು ‘ಆ ಬಾಗಿಲು ತೆಗೀಬೇಡ’ ಎಂದು ನಾಯಕನಿಗೆ ಹೇಳಿ ಸುಮ್ಮನಾಗಬಹುದು. ಇಲ್ಲಿ ಬಾಗಿಲು ತೆಗೆಯುವವನು ತಾನೇ. ಆಟಗಾರ ‘ಅವನು ಸತ್ತ’ ಎನ್ನುವುದಿಲ್ಲ, ‘ಸತ್ತೆ’ ಎನ್ನುತ್ತಾನೆ. ಆದರೂ ಮೊಬೈಲ್ ಕೆಳಗಿಡುವ ಹಕ್ಕು ಅವನಲ್ಲೇ ಇದೆ. ಹೆದರಿಕೆಯ ನಡುವೆ ನಿರ್ಧಾರ ಮಾಡಿ, ತಪ್ಪಿ, ಮತ್ತೆ ಮಾಡಿ ದಾಟಿದ ಮೇಲಿನ ಹಗುರ ಬೇರೆ ಆಟಗಳಲ್ಲಿ ಇಷ್ಟು ಸಲೀಸಾಗಿ ಸಿಗುವಂಥದ್ದಲ್ಲ.

ಹದದ ಪ್ರಶ್ನೆಯೂ ಇದೆ. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಸಂಶೋಧಕರು ಭೂತಬಂಗಲೆ ಪ್ರದರ್ಶನವೊಂದಕ್ಕೆ ಬಂದ 110 ಜನರ ಎದೆಬಡಿತ ಅಳೆದು 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಭಯ ತೀರ ಕಡಿಮೆಯಾದರೂ ತೀರ ಹೆಚ್ಚಾದರೂ ಖುಷಿ ಇಳಿಯುತ್ತದೆ. ಅದು ಏರುವುದು ನಡುವಿನ ಹದದಲ್ಲಿ. ಎಷ್ಟು ಗುಂಡು ಕೊಡಬೇಕು, ಎಷ್ಟು ಕಿತ್ತುಕೊಳ್ಳಬೇಕು ಎಂಬ ವಿನ್ಯಾಸಕರ ತೂಗಾಟವೆಲ್ಲ ಈ ಹದಕ್ಕಾಗಿಯೇ.

ಕರ್ನಾಟಕದ ಪಾಲು

ಈ ಉದ್ಯಮ ನಮಗೆ ದೂರದ್ದೇನಲ್ಲ. ರಾಜೇಶ್ ರಾವ್ 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಲ ಗೇಮ್ ಸಂಸ್ಥೆಗಳಲ್ಲೊಂದು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಸಂಸ್ಥೆ ಕೊಂಡುಕೊಂಡಿತು. ಅನಿಮೇಷನ್ ಮತ್ತು ಗೇಮಿಂಗ್‌ಗೆಂದೇ ನೀತಿ ತಂದ ಮೊದಲ ರಾಜ್ಯವೂ ಕರ್ನಾಟಕವೇ, 2012ರಲ್ಲಿ. ಆದರೆ ಬೆಂಗಳೂರಿನ ಸ್ಟುಡಿಯೋಗಳ ಕೆಲಸ ಬಹುಪಾಲು ಬೇರೆಯವರ ಕಥೆಗಳಿಗೆ ಚಿತ್ರ, ಪರಿಸರ ರೂಪಿಸುವುದು. ಕೊಪ್ಪಳದ ಹುಡುಗ ಆಡುವ ಆಟ ಇಂಗ್ಲಿಷಿನಲ್ಲಿದೆ. ಕನ್ನಡ ಇರುವುದು ಪಕ್ಕದಲ್ಲಿ ಕೂತವನ ಬಾಯಲ್ಲಿ, ಯೂಟ್ಯೂಬಿನ ವೀಕ್ಷಕ ವಿವರಣೆಯಲ್ಲಿ.

ಏಷ್ಯಾದ ಬೇರೆ ದೇಶಗಳು ಈ ಹಂತವನ್ನು ದಾಟಿ ತಮ್ಮದೇ ಕಥೆಗಳಿಗೆ ಬಂದಿವೆ. ಇಂಡೋನೇಷ್ಯಾದ ‘ಡ್ರೆಡ್‌ಔಟ್’ನಲ್ಲಿ ಶಾಲಾ ಹುಡುಗಿ ಆ ನೆಲದ ದೆವ್ವಗಳನ್ನೇ ಮೊಬೈಲ್ ಕ್ಯಾಮೆರಾದಿಂದ ಎದುರಿಸುತ್ತಾಳೆ. ತೈವಾನಿನ ರೆಡ್ ಕ್ಯಾಂಡಲ್ ಗೇಮ್ಸ್ 2017ರಲ್ಲಿ ತಂದ ‘ಡಿಟೆನ್ಷನ್’ 1960ರ ದಶಕದ ಸೇನಾಡಳಿತ, ನಿಷೇಧಿತ ಪುಸ್ತಕ ಓದಿದ ವಿದ್ಯಾರ್ಥಿಗಳ ಕಥೆ. ಎರಡೇ ವರ್ಷದಲ್ಲಿ ಸಿನಿಮಾ ಆಯಿತು. ಎರಡೂ ಸಣ್ಣ ತಂಡಗಳ ಕೆಲಸ.

ನಮ್ಮಲ್ಲಿ ಕಥೆಗೆ ಬರವಿಲ್ಲ ಎಂದು ಹೇಳಿ ಸುಮ್ಮನಾಗುವುದು ಸುಲಭ. ಯಾವ ಕಥೆಯಲ್ಲಿ ಆಟದ ನಿಯಮ ಅಡಗಿದೆ ಎಂದು ನೋಡಬೇಕು. 1990ರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ಕಾಣಿಸಿಕೊಂಡ ‘ನಾಳೆ ಬಾ’ ಬರಹದಲ್ಲಿ ಅದಿದೆ: ಬಾಗಿಲಿಗೆ ಬಂದ ದೆವ್ವ ಬರೆದದ್ದನ್ನು ಓದಿ ಮರಳುತ್ತದೆ ಎಂಬ ನಂಬಿಕೆ, ಆದರೆ ಆ ರಕ್ಷಣೆ ಒಂದು ರಾತ್ರಿಗಷ್ಟೆ. ಗಂಗಾವತಿ ಬಳಿಯ ಹಿರೇಬೆಣಕಲ್ ಗುಡ್ಡದಲ್ಲಿಯೂ ಇದೆ: ಕುಳ್ಳ ಮೋರ್ಯರು ಕಟ್ಟಿದರೆಂದು ಜನ ನಂಬುವ ಬೃಹತ್ ಶಿಲಾಯುಗದ ಕಲ್ಲಿನ ಕೋಣೆಗಳು, ಅವುಗಳ ಚಪ್ಪಡಿಯಲ್ಲಿ ಕೊರೆದ ದುಂಡನೆಯ ಕಂಡಿ, ಬಡಿದರೆ ನಗಾರಿಯಂತೆ ದೂರಕ್ಕೆ ಕೇಳುವ ಬಂಡೆ. ಅಡಗಲು ಜಾಗ, ಇಣುಕಲು ಕಿಂಡಿ, ಮಾಡಬಾರದ ಒಂದು ಸದ್ದು. ವಿನ್ಯಾಸಕನಿಗೆ ಅರ್ಧ ಕೆಲಸ ಅಲ್ಲೇ ಆಗಿದೆ. ಎಷ್ಟು ತೋರಿಸಬೇಕು, ಎಷ್ಟನ್ನು ಧ್ವನಿಗೆ ಬಿಡಬೇಕು ಎಂಬುದನ್ನು ಕಲಿಯಲು ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆಯಾಟವಿದೆ. ದೀಪ, ಪರದೆ, ನೆರಳು, ದನಿಗಳಷ್ಟರಲ್ಲೇ ರಾತ್ರಿಯಿಡೀ ಜನರನ್ನು ಹಿಡಿದಿಟ್ಟ ಆ ಕಲೆಗಾಗಿ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರ ಪದ್ಮಶ್ರೀ ಸಂದಿದೆ.

ಕೋಟಿಗಟ್ಟಲೆ ಬಂಡವಾಳದ ಆಟಗಳ ಜೊತೆ ಚಿತ್ರದ ಅಂದದಲ್ಲಿ ಪೈಪೋಟಿಗಿಳಿದರೆ ಕನ್ನಡದ ಸಣ್ಣ ತಂಡ ಸೋಲುವುದೇ ಖಚಿತ. ಈ ಪ್ರಕಾರ ಆ ಪೈಪೋಟಿಯನ್ನು ಕೇಳುವುದಿಲ್ಲ. ಒಂದು ಮನೆ, ಒಂದು ನಿಯಮ, ಸಾಲದ ಒಂದು ವಸ್ತು, ಆಡುವವರ ಊರಿನದೇ ಒಂದು ದನಿ ಇದ್ದರೆ ನಡೆಯುತ್ತದೆ. ಹೊಸಬರು ಮೊದಲು ತೀರ್ಮಾನಿಸಬೇಕಾದದ್ದು ದೆವ್ವದ ಮುಖ ಹೇಗಿರಬೇಕು ಎಂಬುದನ್ನಲ್ಲ, ಆಟಗಾರನಿಂದ ಏನನ್ನು ಕಸಿದುಕೊಳ್ಳಬೇಕು ಎಂಬುದನ್ನು.